ವಾಲ್ವ್‌ಗೆ ಹೆಸರಿಡಿ, ಬಿಸಿಲಿಗೆ ಅಳಿಯದಂತೆ

ಮಾನ್ಯ ಸಂಪಾದಕರೇ,

ಎರಡು ಮಹಡಿಯ ಸಾಧಾರಣ ಮನೆಯ ತಾರಸಿಗೆ ಹೋದರೂ ಟ್ಯಾಂಕಿನ ಬುಡದಲ್ಲಿ ಆರೇಳು ವಾಲ್ವ್‌ಗಳು ಕಾಣುತ್ತವೆ. ಕಾವೇರಿ ನೀರಿನದು ಒಂದು, ಬೋರ್‌ವೆಲ್ಲಿನದು ಒಂದು, ಸೋಲಾರ್‌ಗೆ, ಅಡುಗೆಮನೆಗೆ, ಬಾಡಿಗೆ ಮನೆಗೆ ಇನ್ನಷ್ಟು. ಯಾವುದು ಎಲ್ಲಿಗೆ ಎಂಬುದು ಪೈಪ್ ಎಳೆದ ಪ್ಲಂಬರ್‌ಗೆ ಮಾತ್ರ ಗೊತ್ತು. ಬಚ್ಚಲಿನ ನಲ್ಲಿ ಮುರಿದು ನೀರು ಚಿಮ್ಮತೊಡಗಿದಾಗ ಮನೆಯವರು ಸಿಕ್ಕಿದ್ದನ್ನೆಲ್ಲ ತಿರುಗಿಸುತ್ತಾರೆ. ವರ್ಷಗಟ್ಟಲೆ ಕೈಯಾಡದೆ ಜಡ್ಡುಗಟ್ಟಿದ ಗೇಟ್ ವಾಲ್ವ್‌ನ ಸ್ಪಿಂಡಲ್ (ಹಿಡಿಕೆಯ ಜತೆ ತಿರುಗುವ ಕಡ್ಡಿ) ಮುರಿಯುವುದು ಇಂಥ ಹೊತ್ತಿನಲ್ಲೇ.

ಹೆಸರು ಬರೆದಿಟ್ಟವರೂ ಇದ್ದಾರೆ, ಬರಹ ಮಾತ್ರ ಉಳಿದಿರುವುದಿಲ್ಲ. ಮಾರ್ಕರ್ ಪೆನ್ನಿನ ಶಾಯಿ ತಾರಸಿಯ ಬಿಸಿಲಿಗೆ ಮಾಸುತ್ತದೆ, ಕೆಂಪು ಮತ್ತು ನೀಲಿ ಇನ್ನೂ ಬೇಗ. ಕಾಗದದ ಸ್ಟಿಕ್ಕರ್ ಮೊದಲ ಮಳೆಗೇ ಏಳುತ್ತದೆ. ಚೀಟಿ ಕಟ್ಟುವ ಬಿಳಿ ನೈಲಾನ್ ಕೇಬಲ್ ಟೈ ಬಿಸಿಲಿಗೆ ಕಾದು ಪಟ್ಟನೆ ತುಂಡಾಗುತ್ತದೆ. ಹೊರಗೆ ಬಳಸುವಂಥ ಕಪ್ಪು ಟೈ ತಡೆದುಕೊಳ್ಳುತ್ತದೆ.

ಬಾಳುವುದು ಲೋಹದ ಬಿಲ್ಲೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಬಿಲ್ಲೆಗೆ ಮೇಲ್ತುದಿಯಲ್ಲಿ ತೂತು ಕೊರೆದು, ನಂಬರ್ ಪಂಚ್ (ತುದಿಯಲ್ಲಿ ಅಂಕಿಯಿರುವ ಉಕ್ಕಿನ ಅಚ್ಚು) ಇಟ್ಟು ಸುತ್ತಿಗೆಯಿಂದ ಹೊಡೆದರೆ ಅಂಕಿ ಅಚ್ಚೊತ್ತುತ್ತದೆ. ಪಂಚ್ ಸೆಟ್ಟಿನಲ್ಲಿ ಸಾಮಾನ್ಯವಾಗಿ 9 ತುಂಡುಗಳಷ್ಟೇ ಇರುತ್ತವೆ, 6ನ್ನೇ ತಿರುಗಿಸಿ 9 ಮಾಡಬೇಕು. ಹಾಗಾಗಿ ಎರಡರ ಕೆಳಗೂ ಒಂದು ಗೆರೆ ಎಳೆಯಿರಿ. ಪಂಚ್ ಇಲ್ಲದಿದ್ದರೆ ತೆಳು ಅಲ್ಯೂಮಿನಿಯಂ ತಗಡನ್ನು ಹಳೆಯ ಪತ್ರಿಕೆಯ ಮಡಿಕೆಯ ಮೇಲಿಟ್ಟು ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ ಸಾಕು. ಆಗ ಕನ್ನಡದಲ್ಲೇ ‘ಅಡುಗೆಮನೆ’ ಎಂದು ಬರೆಯಬಹುದು, ಶಾಯಿಯೇ ಇಲ್ಲದ ಮೇಲೆ ಅಳಿಯುವ ಮಾತೆಲ್ಲಿ?

ಕಟ್ಟಲು ಸ್ಟೇನ್‌ಲೆಸ್ ಸ್ಟೀಲ್ ತಂತಿ ಬೇಕು. ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್ ತುಕ್ಕು ಹಿಡಿದು ಕಳಚುತ್ತದೆ. ತಾಮ್ರದ ತಂತಿ ತೇವದಲ್ಲಿ ಅಲ್ಯೂಮಿನಿಯಂ ತೂತನ್ನೇ ತಿನ್ನುತ್ತದೆ. ಬಿಗಿಯಾಗಿ ಸುತ್ತಬೇಡಿ: ಬಿಸಿನೀರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಿಗ್ಗಿ ಕುಗ್ಗುವಾಗ ತಂತಿ ಅದನ್ನು ಉಜ್ಜುತ್ತದೆ. ಬೆರಳು ತೂರುವಷ್ಟು ಸಡಿಲವಿರಲಿ. ಬಿಲ್ಲೆಯನ್ನು ಹಿಡಿಕೆಗೆ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ವಾಲ್ವ್ ಬದಲಿಸಿದ ದಿನ ಹಿಡಿಕೆಯ ಜತೆ ಬಿಲ್ಲೆಯೂ ಗುಜರಿಗೆ ಹೋಗುತ್ತದೆ. ಪಕ್ಕದ ಪೈಪಿಗೆ ಕಟ್ಟಿ. ನೀರು ಹರಿಯುವ ದಿಕ್ಕಿಗೆ ಬಾಣದ ಗುರುತನ್ನು ಪೇಂಟ್ ಮಾಡುವುದಾದರೆ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ಬಳಸಿ. ಥಿನ್ನರ್ ಬೆರೆತ ಬಣ್ಣ ಪ್ಲಾಸ್ಟಿಕ್ ಪೈಪಿಗೆ ಒಳ್ಳೆಯದಲ್ಲ.

ಯಾವ ವಾಲ್ವ್ ಎಲ್ಲಿಗೆಂದು ಪತ್ತೆ ಮಾಡುವಾಗ ಒಬ್ಬರು ತಾರಸಿಯಲ್ಲಿ, ಇನ್ನೊಬ್ಬರು ನಲ್ಲಿಗಳ ಬಳಿ ನಿಲ್ಲಬೇಕು. ಗೀಸರ್ ಸ್ವಿಚ್ ಮೊದಲೇ ಆರಿಸಿರಿ. ಒಂದು ವಾಲ್ವ್ ಮುಚ್ಚಿ, ಪೈಪಿನಲ್ಲಿ ನಿಂತ ನೀರು ಖಾಲಿಯಾಗುವವರೆಗೆ ಕಾಯಬೇಕು. ಅವಸರಪಟ್ಟರೆ ತಪ್ಪು ವಾಲ್ವ್‌ಗೆ ತಪ್ಪು ಹೆಸರು ಬೀಳುತ್ತದೆ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗಳು ಇಲ್ಲಿ ಚೆನ್ನಾಗಿ ಮೋಸ ಮಾಡುತ್ತವೆ: ಕೈಯಲ್ಲಿ ಹಿಡಿಯುವ ಶವರನ್ನು ಅದರ ಗುಂಡಿಯಿಂದಷ್ಟೇ ನಿಲ್ಲಿಸಿದ್ದು, ಮಿಕ್ಸರಿನ ಎರಡೂ ಹಿಡಿಕೆ ತೆರೆದಿದ್ದರೆ, ತಣ್ಣೀರಿನ ವಾಲ್ವ್ ಮುಚ್ಚಿದರೂ ಸೋಲಾರ್ ಕಡೆಯ ನೀರು ಮಿಕ್ಸರ್ ಮೂಲಕ ಹಾದು ತಣ್ಣೀರಿನ ನಲ್ಲಿಯಲ್ಲಿ ಸುರಿಯುತ್ತಲೇ ಇರುತ್ತದೆ. ಮಿಕ್ಸರ್‌ಗಳನ್ನೆಲ್ಲ ಪೂರ್ತಿ ಮುಚ್ಚಿ, ಸಾದಾ ನಲ್ಲಿಯಲ್ಲಿ ಪರೀಕ್ಷಿಸಿ.

ಬಿಲ್ಲೆಯ ಅಂಕಿಗಳ ಪಟ್ಟಿಯನ್ನು ಮೋಟಾರ್ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಗಡೆ ಅಂಟಿಸಿ. ಪೆನ್ಸಿಲ್‌ನಲ್ಲಿ ಬರೆದರೆ ಬಣ್ಣಗೆಡದು. ಲ್ಯಾಮಿನೇಟ್ ಮಾಡಿದ ಹಾಳೆಗೆ ತೂತು ಹಾಕುವುದಾದರೆ ಕಾಗದ ತಾಗದಂತೆ ಅಂಚಿನ ಬರಿಯ ಪ್ಲಾಸ್ಟಿಕ್‌ಗೆ ಹಾಕಿ, ಇಲ್ಲವಾದರೆ ತೂತಿನಿಂದ ನೀರು ಜಿನುಗುತ್ತದೆ.

ಶುದ್ಧೀಕರಿಸಿದ ಕೊಳಚೆನೀರನ್ನು ಫ್ಲಶ್‌ಗೆ ಬಳಸುವ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಬರೀ ಅನುಕೂಲದ ಮಾತಲ್ಲ. ರಿಪೇರಿಗೆ ಬಂದ ಹೊಸಬ ಆ ಪೈಪನ್ನು ಅಡುಗೆಮನೆಯ ಪೈಪಿಗೆ ಜೋಡಿಸಿದರೆ ನೀರು ಕಂಡು ಗುರುತಿಸುವುದು ಕಷ್ಟ. ಅಲ್ಲಿ ಪೈಪುಗಳು ಇಳಿಯುವ ಡಕ್ಟ್‌ನ ಪ್ರತಿ ಮಹಡಿಯಲ್ಲೂ ‘ಕುಡಿಯಲು ಅಲ್ಲ’ ಎಂಬ ಬಿಲ್ಲೆ ಇರಲೇಬೇಕು. ಕೈಗಾರಿಕೆಗಳ ಪೈಪುಗಳಿಗೆ ಭಾರತೀಯ ಮಾನಕ ಐಎಸ್ 2379 ಬಣ್ಣಗಳನ್ನು ಗೊತ್ತುಮಾಡಿದೆ, ಅದರಲ್ಲಿ ನೀರಿಗೆ ಸಮುದ್ರ ಹಸಿರು. ಮನೆ ಹಸ್ತಾಂತರಿಸುವಾಗ ಬಿಲ್ಡರ್‌ಗಳು ಬಿಲ್ಲೆಗಳನ್ನೂ ಪಟ್ಟಿಯನ್ನೂ, ಗೋಡೆಗೆ ಪ್ಲಾಸ್ಟರ್ ಬೀಳುವ ಮುನ್ನ ಅಳತೆಯ ಟೇಪ್ ಹಿಡಿದು ತೆಗೆದ ಪೈಪುಗಳ ಫೋಟೊಗಳನ್ನೂ ಕೊಡುವಂತೆ ಸ್ಥಳೀಯ ಸಂಸ್ಥೆಗಳು ಕಡ್ಡಾಯ ಮಾಡಲಿ.

– ಓದುಗ, ಬೆಂಗಳೂರು