ಯಳಂದೂರಿನಲ್ಲಿ ನಡೆದ ಫಿಟ್ಸ್ ಸಂಶೋಧನೆ

ಮಾನ್ಯ ಸಂಪಾದಕರೇ,

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಆದರೆ ನಮ್ಮದೇ ಜಿಲ್ಲೆಯ ಯಳಂದೂರಿನಲ್ಲಿ ನಡೆದ ಔಷಧ ಸಂಶೋಧನೆ 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಇದು ಎಷ್ಟು ಜನಕ್ಕೆ ಗೊತ್ತು?

ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ 135 ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಕೊಟ್ಟರು, ಕೆಲವರಿಗೆ ಎರಡನ್ನೂ. ವರ್ಷಗಟ್ಟಲೆ ಅವರ ಬೆನ್ನು ಬಿಡದೆ ನೋಡಿದರು. ಎರಡೂ ಹಳೆಯ, ಅಗ್ಗದ ಮಾತ್ರೆಗಳು. ಫಿನೋಬಾರ್ಬಿಟಾಲ್ ಅಂತೂ 1912ರಿಂದ ಬಳಕೆಯಲ್ಲಿದೆ. ಇಂಥ ಮಾತ್ರೆಗಳಿಂದಲೇ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ತರಬಹುದು ಎಂದು ಆ ಅಧ್ಯಯನ ತೋರಿಸಿತು. ಇನ್ನೊಂದು ಮಾತು: ಔಷಧ ಶುರುವಾಗುವ ಮೊದಲು ಕಡಿಮೆ ಸಲ ಫಿಟ್ಸ್ ಬಂದಿದ್ದವರಿಗೆ ಗುಣ ಜಾಸ್ತಿ ಕಂಡಿತು. ಹಾಗಿರುವಾಗ ತಾಯಿತ, ಹರಕೆ ಅಂತ ಸುಮ್ನೆ ವರ್ಷ ಕಳೆಯುವುದು ಏಕೆ?

ನನ್ನ ತಂಗಿಗೂ ಈ ಕಾಯಿಲೆ ಇದೆ. ಒಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದರು. ಮಾತ್ರೆ ತಪ್ಪಿದ ನಾಲ್ಕನೇ ದಿನ ಒಲೆಯ ಹತ್ತಿರವೇ ಬಿದ್ದಳು. ಕೈ ಸುಟ್ಟ ಗುರುತು ಇನ್ನೂ ಇದೆ. ಫಿನೋಬಾರ್ಬಿಟಾಲ್ ಥಟ್ಟನೆ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಇದು ವೈದ್ಯರಿಗೆ ಗೊತ್ತಿರುವ ವಿಷಯವೇ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ಎರಡೂ ಮಾತ್ರೆಗಳಿವೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕನಿಷ್ಠ ಮೂರು ತಿಂಗಳಿಗೆ ಆಗುವಷ್ಟು ದಾಸ್ತಾನು ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಯಳಂದೂರಿನಿಂದಲೇ ಶುರು ಮಾಡಲಿ.

– ಓದುಗ, ಚಾಮರಾಜನಗರ ಜಿಲ್ಲೆ