ಬಿಸಿಲು ಯಾವ ವಿಭಾಗಕ್ಕೆ ಸೇರಿದ್ದು? ಮಗಳಿಗೊಂದು ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಈಗ ಎಷ್ಟೋ ಕಡಿಮೆ. ಬೆಳಿಗ್ಗೆ ಮತ್ತೆ ವಾಕಿಂಗ್ ಶುರು ಮಾಡಿದ್ದಾರೆ.

ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಆಟಗಾರರಿಗೆ ಝಳ ಬಡಿಯುವುದರ (ಹೀಟ್ ಸ್ಟ್ರೋಕ್) ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದರೆ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನವರು ಇದು ಡಾಕ್ಟರುಗಳ ವಿಷಯ ಅಂದರು. ಡಾಕ್ಟರುಗಳು ಕ್ರೀಡಾ ವಿಜ್ಞಾನದವರನ್ನು ಕೇಳು ಅಂದರು. ಅವರು ನಿಯಮದ ಮಾತು ಬಂದರೆ ಕಾನೂನಿನವರ ಹತ್ತಿರ ಹೋಗು ಅಂದರು. 'ಸಲೀಸಾದ ಬೇರೆ ವಿಷಯ ತಗೊಂಡುಬಿಡ್ತೀನವ್ವ' ಅಂದೆಯಲ್ಲ, ಅದಕ್ಕೇ ಈ ಪತ್ರ. ಬೇರೆ ವಿಷಯ ತಗೋಬೇಡ. ಪಿ.ಟಿ. ಟೀಚರ್ ಆಗಿ ಇಷ್ಟು ವರ್ಷ ಮಕ್ಕಳನ್ನು ಓಡಿಸಿದವಳು ಹೇಳುತ್ತಿದ್ದೇನೆ, ಈ ವಿಷಯ ನಾಲ್ಕೂ ಕಡೆಯವರಿಗೆ ಸೇರಿದ್ದು. ಅದಕ್ಕೇ ಯಾರೂ ಕೈ ಹಾಕುತ್ತಿಲ್ಲ.

ಮೈದಾನದಲ್ಲಿ ಒಂದು ಮಗು ಕುಸಿದು ಬಿತ್ತು ಅಂತ ಇಟ್ಟುಕೋ. ಈ ಹೊತ್ತಿನಲ್ಲಿ 800 ಮೀಟರ್ ಓಟ ಇಟ್ಟವರು ಯಾರು? ಮೈಯೊಳಗಿನ ಶಾಖ ಎಷ್ಟು? ಅದನ್ನು ಏನು ಹಾಕಿ ಇಳಿಸಬೇಕು? ಮಗುವಿನ ತಂದೆತಾಯಿಗೆ ಉತ್ತರ ಕೊಡುವವರು ಯಾರು? ಐದು ನಿಮಿಷದೊಳಗೆ ಇಷ್ಟೂ ಪ್ರಶ್ನೆ ಒಟ್ಟಿಗೇ ಬಂದು ನಿಲ್ಲುತ್ತವೆ. ವಿಭಾಗ ನೋಡಿಕೊಂಡು ಒಂದೊಂದಾಗಿ ಬರುವುದಿಲ್ಲ.

ಈ ವಿಷಯದ ಮೂಲವನ್ನೇ ನೋಡು. ಅಮೆರಿಕದ ಪ್ಯಾರಿಸ್ ಐಲೆಂಡ್ ಎಂಬಲ್ಲಿ ಮರೀನ್ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಕವಾಯತಿನಲ್ಲಿ ಝಳ ಬಡಿದು ಬೀಳುತ್ತಿದ್ದರು. ಸೆಕೆಯ ಲೆಕ್ಕ ಬಲ್ಲ ಯಾಗ್ಲೂ ಎಂಬ ಹಾರ್ವರ್ಡ್ ಸಂಶೋಧಕರೂ ನೌಕಾಪಡೆಯ ವೈದ್ಯ ಮಿನಾರ್ಡ್ ಅವರೂ ಕೂಡಿ ಕೆಲಸ ಮಾಡಿ ಮೈಗೆ ಸೆಕೆ ಎಷ್ಟು ತಟ್ಟುತ್ತದೆ ಎಂದು ಹೇಳುವ ಒಂದು ಅಳತೆಯನ್ನು 1957ರಲ್ಲಿ ಪ್ರಕಟಿಸಿದರು. ಅದೇ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ನೀವು ಡಬ್ಲ್ಯೂಬಿಜಿಟಿ ಅನ್ನುವುದು. ಆ ಅಂಕಿ ನೋಡಿ ಮೈದಾನದಲ್ಲಿ ಬಣ್ಣದ ಬಾವುಟ ಏರಿಸಿ, ಇವತ್ತು ಎಷ್ಟು ಕವಾಯತು ಎಂದು ತೀರ್ಮಾನಿಸುವ ಪದ್ಧತಿ ಬಂತು. ವೈದ್ಯ, ಉಪಕರಣ, ವ್ಯಾಯಾಮ, ಆಜ್ಞೆ ಎಲ್ಲ ಒಂದೇ ಕೆಲಸದಲ್ಲಿ ಸೇರಿದ್ದವು. ಯಾವ ವಿಭಾಗ ಅಂತ ಅವರು ಕೇಳುತ್ತಾ ಕೂತಿದ್ದರೆ ಇನ್ನಷ್ಟು ಹುಡುಗರು ಬೀಳುತ್ತಿದ್ದರು.

ಆ ಅಳತೆಯ ಲೆಕ್ಕ ನಿನಗೆ ಗೊತ್ತೇ ಇದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ನೂರಕ್ಕೆ 70 ಪಾಲು, ಬಿಸಿಲಿಗಿಟ್ಟ ಕರಿ ಗುಂಡಿನೊಳಗಿನ ಥರ್ಮಾಮೀಟರಿಗೆ 20, ಬರೀ ಗಾಳಿಯ ಉಷ್ಣತೆಗೆ 10. ನಮ್ಮ ಊರಿನ ಮಟ್ಟಿಗೆ ನಾನು ಕೂತು ಲೆಕ್ಕ ಹಾಕಿ ನೋಡಿದೆ. ಏಪ್ರಿಲ್‌ನ ಒಣ ಮಧ್ಯಾಹ್ನ ಗಾಳಿ 42, ಒದ್ದೆ ಬಟ್ಟೆ 23, ಕರಿ ಗುಂಡು 56 ಎಂದು ಹಿಡಿದರೆ ಬರುವುದು 31.5. ಆಗಸ್ಟ್‌ನಲ್ಲಿ ಮಳೆ ಬಿದ್ದು ಬಿಸಿಲು ಬಿಟ್ಟ ದಿನ ಗಾಳಿ 33, ಒದ್ದೆ ಬಟ್ಟೆ 28, ಕರಿ ಗುಂಡು 45 ಎಂದು ಹಿಡಿದರೆ 31.9. ಗಾಳಿಯ ಉಷ್ಣತೆ 9 ಡಿಗ್ರಿ ಕಡಿಮೆ, ಆದರೂ ಮೈಗೆ ಬೀಳುವ ಭಾರ ಜಾಸ್ತಿ. ಗಾಳಿಯಲ್ಲಿ ತೇವ ಇರುವುದರಿಂದ ಬೆವರು ಆರುವುದಿಲ್ಲ, ಅಷ್ಟೇ ಕಾರಣ. 2014ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ನೀರಿನ ವಿರಾಮಕ್ಕೆ ಫಿಫಾ ಇಟ್ಟುಕೊಂಡಿದ್ದ ಗೆರೆ ಇದೇ ಅಳತೆಯಲ್ಲಿ 32. ನಾವು ಅದರ ಅಂಚಿನಲ್ಲಿ ಮಕ್ಕಳನ್ನು ಓಡಿಸುತ್ತಿದ್ದೇವೆ.

ಇದು ಬರೀ ಕಾಗದದ ಲೆಕ್ಕ ಅನ್ನುತ್ತೀ, ಹೌದು. ಆದರೆ ನಮ್ಮ ನಿಯಮಗಳೆಲ್ಲ ಎತ್ತ ಮುಖ ಮಾಡಿವೆ ನೋಡು. ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಒಳ್ಳೆಯ ಆದೇಶ, ಅದಕ್ಕೆ ನನ್ನ ನಮಸ್ಕಾರ. ಆ ಎರಡು ತಿಂಗಳು ಶಾಲೆಗೆ ರಜೆ, ಮೈದಾನ ಖಾಲಿ. ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಉದ್ಘಾಟನೆ, ಭಾಷಣ, ಪಥಸಂಚಲನ ಮುಗಿಯುವಷ್ಟರಲ್ಲಿ 11 ಗಂಟೆ. ಓಟದ ಫೈನಲ್ ನಡು ಮಧ್ಯಾಹ್ನಕ್ಕೆ. ಆಗ ಝಳದ ಮಾತೆತ್ತಿದರೆ 'ಟೀಚರ್, ಬ್ಯಾಸಗಿ ಮುಗೀತಲ್ರೀ' ಅನ್ನುತ್ತಾರೆ.

ಜಾರ್ಖಂಡದ್ದು ನಿನಗೆ ನೆನಪಿರಬೇಕು. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಗೆ 10 ಕಿಲೋಮೀಟರ್ ಓಟ ಇಟ್ಟಿದ್ದರು. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ಕಾರಣಗಳ ಬಗ್ಗೆ ಹಲವು ಮಾತು ಬಂದವು. ಆಮೇಲೆ ಮುಖ್ಯಮಂತ್ರಿಗಳು ಬೆಳಿಗ್ಗೆ 9ರ ನಂತರ ಯಾರನ್ನೂ ಓಡಿಸಬಾರದು ಅಂದರು. ಅಷ್ಟು ಜೀವ ಹೋದ ಮೇಲೆ ಬಂದ ಗೆರೆ ಅದು. ನಮ್ಮ ರಿಂಗ್ ರಸ್ತೆಯಲ್ಲಿ ನಸುಕಿನಲ್ಲಿ ಪೊಲೀಸ್ ಭರ್ತಿಗೆಂದು ಓಡುವ ಹುಡುಗರನ್ನು ಕಂಡಾಗೆಲ್ಲ ನನಗೆ ಅದೇ ಯೋಚನೆ. ಇವರು ನಸುಕಿನಲ್ಲಿ ಓಡಿ ಪಳಗುತ್ತಾರೆ, ಪರೀಕ್ಷೆಯಲ್ಲಿ ಇವರ ಸರದಿ ಎಷ್ಟು ಹೊತ್ತಿಗೆ ಬರುತ್ತದೋ ಯಾರಿಗೆ ಗೊತ್ತು? ಮೈ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು, ಅದೂ ಸೆಕೆಯಲ್ಲೇ ದುಡಿದರೆ.

ಅಳತೆ ಹಿಡಿದು ನಿಯಮ ಮಾಡಿದವರೂ ಇದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ವಿಶ್ವವಿದ್ಯಾಲಯದವರು ಮೂರು ವರ್ಷ ಹೈಸ್ಕೂಲು ಮೈದಾನಗಳಲ್ಲಿ ಅಂಕಿ ಕೂಡಿಸಿದರು. 2012ರಲ್ಲಿ ಅಲ್ಲಿನ ಶಾಲಾ ಕ್ರೀಡಾ ಸಂಘ ಅದನ್ನೇ ನಿಯಮ ಮಾಡಿತು. ಝಳದ ಕಾಯಿಲೆ ಇಳಿಯಿತು. ಅದಕ್ಕೂ ಮುಂಚೆ, 2008ರ ಆಗಸ್ಟ್‌ನಲ್ಲಿ, ಕೆಂಟಕಿ ರಾಜ್ಯದಲ್ಲಿ 15 ವರ್ಷದ ಹುಡುಗನೊಬ್ಬ ಫುಟ್‌ಬಾಲ್ ತಾಲೀಮಿನಲ್ಲಿ ಬಿದ್ದು ತೀರಿಕೊಂಡ. ತರಬೇತುದಾರನ ಮೇಲೆ ಕ್ರಿಮಿನಲ್ ಕೇಸು ನಡೆದು 2009ರಲ್ಲಿ ಆತ ನಿರ್ದೋಷಿ ಎಂದು ತೀರ್ಪಾಯಿತು. ತೀರ್ಪು ಏನೇ ಬರಲಿ, ಹುಡುಗ ಹೋದ. ಗೆರೆ ಬರೆದಿಟ್ಟಿದ್ದರೆ ಆ ತರಬೇತುದಾರನಿಗೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿತ್ತು. ನನ್ನಂಥ ಟೀಚರಿಗೆ ಕಾನೂನು ಬೇಕಾಗಿರುವುದು ಶಿಕ್ಷೆಗಲ್ಲ. 'ಇವತ್ತು ಓಟ ಇಲ್ಲ' ಎಂದು ಅತಿಥಿಗಳ ಎದುರು ಹೇಳಲು ಕೈಯಲ್ಲೊಂದು ಕಾಗದ ಬೇಕು.

ಇನ್ನು ತಣಿಸುವ ವಿಷಯ. ನಿನ್ನ ಎಂಜಿನಿಯರಿಂಗ್ ಇಲ್ಲೇ ಬೇಕು, ಗಮನ ಕೊಟ್ಟು ಓದು. ಮ್ಯಾಸಚೂಸೆಟ್ಸ್‌ನ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಒಂದು ರಸ್ತೆ ಓಟ ನಡೆಯುತ್ತದೆ. 18 ವರ್ಷದಲ್ಲಿ 274 ಜನರಿಗೆ ಅಲ್ಲಿ ಹೀಟ್ ಸ್ಟ್ರೋಕ್ ಆಗಿತ್ತು, 274 ಜನವೂ ಬದುಕಿದರು ಎಂದು 2015ರ ಪ್ರಬಂಧ ಹೇಳುತ್ತದೆ. ಓಟ ಮುಗಿಯುವ ಜಾಗದಲ್ಲೇ ಬರ್ಫ್ ನೀರಿನ ತೊಟ್ಟಿ, ಬಿದ್ದವರನ್ನು ಮೊದಲು ಅದರಲ್ಲಿ ಮುಳುಗಿಸಿ ತಣಿಸಿ, ಆಮೇಲೆ ಮುಂದಿನ ಮಾತು. ನಮ್ಮಲ್ಲಿ ಮೊದಲು ಆಂಬುಲೆನ್ಸ್‌ಗೆ ಫೋನು, ಅದು ಬರುವ ತನಕ ನೆರಳು, ರಟ್ಟಿನ ಗಾಳಿ, ಬಾಯಿಗೆ ಒತ್ತಾಯದ ನೀರು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕ್ಕೆ ಇಳಿಯಬಹುದು. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯುವುದಿಲ್ಲ ಎಂದು ನಂಬಿದವರೂ ಬೇಕಾದಷ್ಟಿದ್ದಾರೆ. ಫೋನು ಮಾಡಲೇಬೇಕು, ಆದರೆ ಫೋನಿನ ಜೊತೆಗೇ ನೀರು ಸುರಿಯಬೇಕು. ಒಳಗಿನ ಶಾಖ 40 ದಾಟಿ ಮಾತು ತೊದಲಿದರೆ ಮೊದಲ ಅರ್ಧ ಗಂಟೆಯೇ ಜೀವ.

ತೊಟ್ಟಿ ಎಲ್ಲಿಂದ ತರಲಿ ಅನ್ನಬೇಡ. ಅಮೆರಿಕದಲ್ಲೇ ತೊಟ್ಟಿ ಇಲ್ಲದ ಕಡೆ ತಾಡಪತ್ರಿ ಹಾಸಿ, ನಾಲ್ಕೂ ಅಂಚು ಎತ್ತಿ ಹಿಡಿದು, ಮಧ್ಯೆ ಆಟಗಾರನನ್ನು ಮಲಗಿಸಿ ಬರ್ಫ್ ನೀರು ಸುರಿದು ಅಲ್ಲಾಡಿಸುವ ಕ್ರಮವನ್ನು ಪರೀಕ್ಷಿಸಿದ್ದಾರೆ. ಸುಮ್ಮನೆ ಮಲಗಿಸಿದ್ದಕ್ಕಿಂತ ಬಹಳ ಬೇಗ ಶಾಖ ಇಳಿದಿದೆ. ತಾಡಪತ್ರಿ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿದೆಯೇನೇ? ಆಗಸ್ಟ್‌ನಲ್ಲಿ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ರಾಶಿಗೆ ಹಾಸುವ ತಾಡಪತ್ರಿ ಮಡಿಚಿ ಮೂಲೆಯಲ್ಲಿ ಬಿದ್ದಿರುತ್ತದೆ. ಆದರೆ ನೀರು? ಶಾಲೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಬಿಸಿ ತಗುಲುತ್ತದೆ. ಬೋರ್‌ವೆಲ್ ನೀರು ಅದಕ್ಕಿಂತ ವಾಸಿ, ಮಣ್ಣಿನ ಹರವಿಯ ನೀರು ಇನ್ನೂ ವಾಸಿ ಆದರೆ ಸ್ವಲ್ಪವೇ ಇರುತ್ತದೆ. ಬರ್ಫ್ ಗಡ್ಡೆ ಎಷ್ಟು ಕಿಲೋ ಬೇಕು, ಯಾವುದರಲ್ಲಿ ಇಟ್ಟರೆ ಸಂಜೆ ತನಕ ಉಳಿಯುತ್ತದೆ, ಬರ್ಫ್ ಇಲ್ಲದೆ ಬೋರ್‌ವೆಲ್ ನೀರೂ ಗಾಳಿಯೂ ಸೇರಿದರೆ ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಯುತ್ತದೆ? ಚಿಂಚೋಳಿಯ ಒಂದು ಹಳ್ಳಿ ಶಾಲೆಗೆ ಈ ಉತ್ತರ ಬೇಕು. ಫಾಲ್ಮತ್‌ನ ಉತ್ತರ ಅಲ್ಲಿಗೆ ಹಾಗೇ ಹೊಂದುವುದಿಲ್ಲ.

ಇನ್ನೊಂದು ಮಾತಿದೆ, ಅದು ನಿನ್ನ ಯಾವ ಪ್ರೊಫೆಸರೂ ಹೇಳಲಿಕ್ಕಿಲ್ಲ. ಕ್ರೀಡಾಕೂಟದ ದಿನ ನಮ್ಮ ಹುಡುಗಿಯರು ನೀರು ಕುಡಿಯುವುದಿಲ್ಲ. ಬಾಟಲಿ ತುಂಬಿರುತ್ತದೆ, ಮುಚ್ಚಳ ತೆಗೆಯುವುದಿಲ್ಲ. ಮೈದಾನದಲ್ಲಿ ಹೋಗುವಂಥ ಶೌಚಾಲಯ ಇಲ್ಲ, ಇದ್ದರೆ ಬಾಗಿಲಿಗೆ ಚಿಲಕ ಇಲ್ಲ. ಮುಟ್ಟಿನ ದಿನವಾದರೆ ಕೇಳುವುದೇ ಬೇಡ. ಬೆಳಿಗ್ಗೆ ಮನೆ ಬಿಟ್ಟ ಹುಡುಗಿ ಸಂಜೆ ತನಕ ಗಂಟಲು ಒಣಗಿಸಿಕೊಂಡು, ತುಂಬು ತೋಳಿನ ಅಂಗಿ, ಲೆಗ್ಗಿಂಗ್ಸ್ ಹಾಕಿಕೊಂಡು ರಿಲೇ ಓಡುತ್ತಾಳೆ. ಆಟಗಾರರಿಗೆ ನೀರು ಕುಡಿಯಿರೆಂದು ಬೋಧಿಸುವ ಪೋಸ್ಟರ್ ಎಷ್ಟು ಅಂಟಿಸಿದರೂ ಇದು ಬದಲಾಗದು. ನೀನು ಅಳೆಯಲು ಬಂದಾಗ ಗಾಳಿಯ ಉಷ್ಣತೆಯ ಜೊತೆಗೆ ಇದನ್ನೂ ಬರೆದುಕೋ: ಶೌಚಾಲಯ ಎಷ್ಟು ಹೆಜ್ಜೆ ದೂರ, ಚಿಲಕ ಇದೆಯೋ ಇಲ್ಲವೋ, ಯಾರು ಎಷ್ಟು ಕುಡಿದರು. ಇದು ಸಂಶೋಧನೆಗೆ ತಕ್ಕ ಅಂಕಿ ಅಲ್ಲ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ಮಕ್ಕಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡವ್ವ. ಹೀಟ್ ಸ್ಟ್ರೋಕಿಗೆ ಸರಿಯಾದ ಅಳತೆ ಗುದದ್ವಾರದ ಥರ್ಮಾಮೀಟರ್. ಹಣೆ, ಕಂಕುಳಿನದು ಓಡಿದ ಮೈಯಲ್ಲಿ ಕಡಿಮೆ ತೋರಿಸುತ್ತದೆ. ಜೀವ ಉಳಿಸುವಾಗ ಡಾಕ್ಟರು ಅದನ್ನು ಬಳಸಲಿ. ಬರೀ ಸಂಶೋಧನೆಗೆ ನಮ್ಮ ಹೈಸ್ಕೂಲು ಮಕ್ಕಳ ಮೇಲೆ ಅದು ಬೇಡ. 2019ರ ದೋಹಾ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ನಡುರಾತ್ರಿ ಮ್ಯಾರಥಾನ್ ಇಟ್ಟರೂ 68 ಮಹಿಳೆಯರಲ್ಲಿ 28 ಜನ ಓಟ ಮುಗಿಸಲಾಗಲಿಲ್ಲ. ಅಲ್ಲಿ ನುಂಗುವ ಮಾತ್ರೆಯಂಥ ಥರ್ಮಾಮೀಟರ್ ಬಳಸಿದ್ದರು. ಅವರು ವಯಸ್ಕರು, ತಿಳಿದು ಒಪ್ಪಿದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೀತಿಸೂತ್ರದ ಪ್ರಕಾರ ತಂದೆತಾಯಿಯ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ನಾನು ಟೀಚರ್. ನಾನು 'ಕೈ ಎತ್ತಿ' ಅಂದರೆ ಇಡೀ ತರಗತಿ ಕೈ ಎತ್ತುತ್ತದೆ, ಅದನ್ನು ಸಮ್ಮತಿ ಅಂತ ಬರೆದುಕೊಳ್ಳಬೇಡ. ಕೇಳುವಾಗ ನಾನು ಅಲ್ಲಿ ಇರುವುದಿಲ್ಲ, ನೀನೊಬ್ಬಳೇ ಕೇಳು.

ಗೈಡ್ ಎಲ್ಲಿ ಸಿಗುತ್ತಾರೆ ಅಂತ ಚಿಂತೆ ನಿನಗೆ. ನೀನು ಓದಿದ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಎಂಆರ್ ಮೆಡಿಕಲ್ ಕಾಲೇಜು, ಲಾಹೋಟಿ ಕಾನೂನು ಕಾಲೇಜು ಮೂರೂ ಈ ಊರಲ್ಲೇ ಇವೆ. ಗುಲಬರ್ಗಾ ವಿಶ್ವವಿದ್ಯಾಲಯ ಆಟೋದಲ್ಲಿ ಹೋಗುವಷ್ಟು ದೂರ, ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿ. ನಿನ್ನ ಮುಖ್ಯ ಗೈಡ್ ನೀನು ಈಗಿರುವ ಕಡೆಯವರೇ ಇರಲಿ. ಇಲ್ಲಿಂದ ಒಬ್ಬ ಡಾಕ್ಟರು, ಕಾನೂನಿನವರೊಬ್ಬರು ಜೊತೆಗಿದ್ದರೆ ಸಾಕು. ಈ ಶನಿವಾರ ಡಾಕ್ಟರೊಬ್ಬರನ್ನು ಕಂಡು ಮಾತಾಡುತ್ತೇನೆ, ಒಪ್ಪುತ್ತಾರೆ ಅನಿಸುತ್ತದೆ.

ಜುಲೈ ಕೊನೆಗೆ ಎರಡು ಅಳತೆ ಉಪಕರಣ ತಗೊಂಡು ಬಾ. ಒಂದನ್ನು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಇಡೋಣ, ಇನ್ನೊಂದು ನಮ್ಮ ಶಾಲೆಯ ಮಣ್ಣಿನ ಮೈದಾನದಲ್ಲಿ. ಮುಖ್ಯೋಪಾಧ್ಯಾಯರಿಗೆ ಕೊಡಬೇಕಾದ ಅರ್ಜಿಯ ಕರಡು ನೀನು ಕಳಿಸು, ಸಹಿ ಮಾಡಿಸುವುದು ನನ್ನ ಕೆಲಸ. ಕ್ರೀಡಾಕೂಟದ ವೇಳಾಪಟ್ಟಿ ಬಂದ ಕೂಡಲೇ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇನೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ, ಪಕ್ಕದ ಮನೆಯವರ ಮಗ ಭಾನುವಾರ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಇಂತಿ ನಿನ್ನ
ಅವ್ವ