ಖಾಲಿ ರಿಜಿಸ್ಟರ್

ಪುಟ್ಟಿ,

ಭಾನುವಾರ ಊಟಕ್ಕೆ ಕೂತಾಗ "ನನ್ನ ಟೀಮಿನಲ್ಲಿ ಯಾರೂ ಬಾಯೇ ಬಿಡಲ್ಲಮ್ಮ, ಕೆಲಸ ಮುಗಿದಿಲ್ಲ ಅನ್ನೋದು ಕೊನೇ ದಿನ ಗೊತ್ತಾಗುತ್ತೆ" ಅಂದೆಯಲ್ಲ, ಅದೇ ತಲೆಯಲ್ಲಿ ಸುತ್ತುತ್ತಿದೆ. ನೀನು ವಿಜಯನಗರದಲ್ಲಿ ಮೆಟ್ರೋ ಹತ್ತಿದ ಮೇಲೆ ನನಗೆ ಹಳೇದೊಂದು ನೆನಪಾಯಿತು. ಫೋನಿನಲ್ಲಿ ಹೇಳೋಣ ಅಂದರೆ ಮಧ್ಯೆ ನಿನಗೆ ಇನ್ನೊಂದು ಕಾಲ್ ಬರುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆದ ಹೊಸದರಲ್ಲಿ ನನಗೊಂದು ಜಂಬವಿತ್ತು. ಏನಾದರೂ ಎಡವಟ್ಟಾದರೆ ಬರೆಯೋಕೆ ಪ್ರತಿ ವಾರ್ಡಿಗೂ ಒಂದು ರಿಜಿಸ್ಟರ್ ಇತ್ತು. ಪಕ್ಕದ ವಾರ್ಡಿನವರದು ತಿಂಗಳಿಗೆ ಎರಡು ಪುಟ ತುಂಬುತ್ತಿತ್ತು. ನಮ್ಮದು ಖಾಲಿ. ಮೇಟ್ರನ್ ಬಂದಾಗ ನಾನೇ ತೆಗೆದು ತೋರಿಸುತ್ತಿದ್ದೆ.

ಒಂದು ರಾತ್ರಿ ಹೃದಯ ವೀಕಾಗಿದ್ದ ಅಜ್ಜ ಒಬ್ಬರಿಗೆ ನಿಧಾನಕ್ಕೆ ಹೋಗಬೇಕಾದ ಡ್ರಿಪ್ ಜೋರಾಗಿ ಹೋಗಿಬಿಟ್ಟಿತು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಉಸಿರಿಗೆ ಒದ್ದಾಡುತ್ತಿದ್ದರು. ಪುಣ್ಯ, ಉಳಿದುಕೊಂಡರು. ಡ್ಯೂಟಿಯಲ್ಲಿದ್ದ ಹೊಸ ಹುಡುಗಿಗೆ ರಾತ್ರಿ ಎರಡು ಗಂಟೆಗೇ ಗೊತ್ತಾಗಿತ್ತಂತೆ. ಡ್ರಿಪ್ ನಿಲ್ಲಿಸಿ ಸುಮ್ಮನಿದ್ದಳು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಟ್ರೇಯಲ್ಲಿದ್ದ ಹತ್ತಿ ಉಂಡೆಗಳನ್ನು ಜೋಡಿಸುತ್ತಲೇ, "ಹೋದ ವಾರ ಪೇಶೆಂಟ್‌ಗಳ ಮುಂದೆ ಬೈದಿರಲ್ಲ ಸಿಸ್ಟರ್" ಅಂದಳು. ನನಗೆ ಬೈದದ್ದೇ ನೆನಪಿರಲಿಲ್ಲ.

ಎಷ್ಟೋ ವರ್ಷ ಆದಮೇಲೆ ಒಂದು ತರಬೇತಿಯಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿಯ ವಿಷಯ ಹೇಳಿದರು. 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅವರು ಲೆಕ್ಕ ಹಾಕಿದರಂತೆ. ಒಳ್ಳೇ ಟೀಮುಗಳಲ್ಲೇ ತಪ್ಪು ಜಾಸ್ತಿ! ಮಾಡುತ್ತಿದ್ದದ್ದು ಜಾಸ್ತಿ ಅಲ್ಲ, ಬಾಯಿಬಿಟ್ಟು ಹೇಳುತ್ತಿದ್ದದ್ದು ಜಾಸ್ತಿ. ನಿಮ್ಮ ಕಡೆಯ ಗೂಗಲ್‌ನವರೂ ತಮ್ಮ 180 ಟೀಮುಗಳನ್ನು ನೋಡಿ, ಹೆದರದೆ ಮಾತಾಡೋಕೆ ಆಗುತ್ತಾ ಅನ್ನೋದೇ ಎಲ್ಲಕ್ಕಿಂತ ಮುಖ್ಯ ಅಂದಿದ್ದಾರೆ. ನಾನು ಆ ಪಾಠಕ್ಕೆ ಒಬ್ಬ ಅಜ್ಜನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಆ ರಾತ್ರಿಯ ಘಟನೆ ಆದಮೇಲೆ ರಿಜಿಸ್ಟರಿನಲ್ಲಿ ಮೊದಲು ನನ್ನದೇ ಒಂದು ತಪ್ಪು ಬರೆದೆ. ಡಾಕ್ಟರ್ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಬೇಕು ಅಂತ ಮಾಡಿದೆ. ಫಿಫ್ಟೀನೋ ಫಿಫ್ಟಿಯೋ ಅಂತ ಕೇಳೋಕೆ ನಾಚಿಕೆ ಪಟ್ಟುಕೊಂಡರೆ ಏನಾಗುತ್ತೆ ಹೇಳು! ನಿಮ್ಮ ಮೀಟಿಂಗಿನಲ್ಲೂ ಎಲ್ಲರೂ "ಓಕೆ ಓಕೆ" ಅಂದುಕೊಂಡು ಎದ್ದುಹೋಗುತ್ತಾರೆ ಅಲ್ವಾ? ಒಬ್ಬರ ಹತ್ತಿರ ತಿರುಗಿ ಹೇಳಿಸಿ ನೋಡು. ಮುಂದಿನ ತಿಂಗಳು ನಮ್ಮ ರಿಜಿಸ್ಟರ್ ಮೂರು ಪುಟ ತುಂಬಿತು. ಮೇಟ್ರನ್‌ಗೆ ಗಾಬರಿ.

ಇನ್ನೊಂದು. ಊಟದ ಮಧ್ಯೆ ನೀನು ಫೋನಿನಲ್ಲಿ ನಿನ್ನ ಟೀಮಿನ ಆ ಹುಡುಗನಿಗೆ "ಇಷ್ಟೂ ಗೊತ್ತಾಗಲ್ವಾ ನಿಂಗೆ" ಅಂದೆ. ಲೈನಿನಲ್ಲಿ ಇನ್ನೂ ನಾಲ್ಕು ಜನ ಇದ್ದರು ಅಂತ ನೀನೇ ಹೇಳಿದೆ. ಆ ದನಿ ನಿನಗೆ ನನ್ನಿಂದಲೇ ಬಂದದ್ದು, ನಿಮ್ಮಪ್ಪನದಲ್ಲ. ಆ ನಾಲ್ಕೂ ಜನ ಇರುವಾಗಲೇ ಅವನಿಗೆ ಸಾರಿ ಹೇಳು. ನಾನು ಆ ಹುಡುಗಿಗೆ ಸಾರಿ ಹೇಳಿದ್ದು ಡ್ರೆಸ್ಸಿಂಗ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಬೈದದ್ದು ಮಾತ್ರ ವಾರ್ಡಿನ ನಟ್ಟನಡುವೆ.

ಅಮ್ಮ